ದನದ ದೇಹದಲ್ಲಿ ಕಬ್ಬಿಣ: ಅಯಸ್ಕಾಂತ ಎಷ್ಟನ್ನು ಕಾಣುತ್ತದೆ?

ಬೀದರ ತಾಲ್ಲೂಕಿನ ಕಮಠಾಣದ ಸುತ್ತಮುತ್ತಲಿನ ರೈತರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹೊಸದಲ್ಲ. ಆಕಳು ಮೇವು ಬಿಟ್ಟರೆ, ಎಮ್ಮೆ ಹಾಲು ಇಳಿಸಿದರೆ, ಎತ್ತು ಕುಂಟಿದರೆ ಅಲ್ಲಿಗೆ ಹೊಡೆದುಕೊಂಡು ಹೋಗುವುದು ವಾಡಿಕೆ. ಮೇವಿನೊಡನೆ ತಂತಿ, ಮೊಳೆ ನುಂಗುವ ದನಗಳಿಗೆ ಬೆರಳುದ್ದದ ಒಂದು ಅಯಸ್ಕಾಂತವನ್ನು ಬಾಯಿಯ ಮೂಲಕ ಹೊಟ್ಟೆಗೆ ಇಳಿಸುವ ಪದ್ಧತಿ ಪಶುವೈದ್ಯದಲ್ಲಿ ಇದೆ ಎಂಬುದನ್ನೂ ತಮ್ಮಲ್ಲಿ ಹಲವರು ಕೇಳಿರಬಹುದು. ಈ ಭಾಗದಲ್ಲಿ ಮಣ್ಣಿನ ಮಾದರಿ ತೆಗೆಯುತ್ತ ಓಡಾಡುತ್ತಿದ್ದಾಗ ಹಿರಿಯ ರೈತರೊಬ್ಬರು ಅದೇ ಮಾತು ತೆಗೆದು ನನ್ನನ್ನು ಕೇಳಿದರು: "ಸಾಹೇಬ್ರೇ, ಆಕಳ ಹೊಟ್ಟ್ಯಾಗ ಚುಂಬಕ ಬಿಟ್ರ, ಅದು ನೆತ್ತರದಾಗಿನ ಕಬ್ಬಿಣ ಭಿ ಜಗ್ತದೇನ್ರೀ?"

ನಾನು ಬೆಳೆವಿಜ್ಞಾನದವನು, ದನದ ವೈದ್ಯನಲ್ಲ. ಆದರೂ ಪ್ರಶ್ನೆ ಬಹಳ ಒಳ್ಳೆಯದು. ಜಗ್ಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಏಕೆ ಜಗ್ಗುವುದಿಲ್ಲ ಎಂಬುದನ್ನು ಹಿಡಿದು ಹೊರಟರೆ, ಇಂದು ಮನುಷ್ಯರ ಔಷಧಿಗಾಗಿ ನಡೆಯುತ್ತಿರುವ ಒಂದು ಸಂಶೋಧನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತ ಕಣಗಳನ್ನು ಪ್ರಾಣಿಯ ದೇಹಕ್ಕೆ ಸೇರಿಸಿ, ಅವು ಯಾವ ಅಂಗದಲ್ಲಿ ಎಷ್ಟು ಉಳಿದವು ಎಂದು ಅಳೆಯುವ ಕೆಲಸ ಅದು. ಆ ಕೆಲಸದ ಕಷ್ಟವೆಲ್ಲ ಈ ರೈತರ ಪ್ರಶ್ನೆಯಲ್ಲಿಯೇ ಇದೆ.

ಮೊದಲು ಮಣ್ಣಿನಲ್ಲಿ ನೋಡೋಣ

ಹಳೆಯ ರೇಡಿಯೋದ ಸ್ಪೀಕರಿನಲ್ಲಿರುವ ಒಂದು ಅಯಸ್ಕಾಂತವನ್ನು ತೆಗೆದುಕೊಳ್ಳಿ. ಅದನ್ನು ಕಾಗದದಲ್ಲಿ ಸುತ್ತಿರಿ. ಕಾಗದವಿಲ್ಲದಿದ್ದರೆ ಅಂಟಿದ ಪುಡಿಯನ್ನು ಬಿಡಿಸುವುದು ಕಷ್ಟ. ಹಳ್ಳದ ಒಣ ಮರಳಿನಲ್ಲಿ ಅದನ್ನು ಆಡಿಸಿದರೆ ಕಪ್ಪು ಕಾಳುಗಳು ಮೀಸೆಯಂತೆ ಅಂಟಿಕೊಂಡು ಬರುತ್ತವೆ. ಔರಾದ, ಭಾಲ್ಕಿ ಕಡೆಯ ಕರಿ ಎರೆಗೆ ತಾಯಿಯಾದ ಕಪ್ಪು ಕಲ್ಲಿನಿಂದ ಬಿಡಿಸಿಕೊಂಡು ಬಂದ ಕಾಳುಗಳು ಅವು. ಅವುಗಳಲ್ಲಿರುವ ಖನಿಜಕ್ಕೆ ಮ್ಯಾಗ್ನೆಟೈಟ್ ಎಂದು ಹೆಸರು.

ಈಗ ಬೀದರ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ಮಣ್ಣನ್ನು ತನ್ನಿ. ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ತೂಕಕ್ಕೆ ತೂಕ ನೋಡಿದರೆ ಕರಿ ಎರೆಗಿಂತ ಇದರಲ್ಲಿ ಕಬ್ಬಿಣ ಬಹಳ ಹೆಚ್ಚು. ಆದರೆ ಅದರ ಬಹುಪಾಲು ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಇನ್ನೂ ಒಂದು ಪರೀಕ್ಷೆ ಇದೆ. ಅದೇ ಕೆಂಪು ಮಣ್ಣಿನಿಂದ ಹಾಕಿದ ಒಲೆಯಿದ್ದರೆ, ಕುಳ್ಳು ಕಟ್ಟಿಗೆ ಉರಿದು ಬಹಳ ದಿನ ಸುಟ್ಟ ಜಾಗದಿಂದ ಒಂದು ಹಿಡಿ ಮಣ್ಣು ಕೆರೆದು ಪುಡಿ ಮಾಡಿ ನೋಡಿ. ಹೊಲದ ಮಣ್ಣಿಗಿಂತ ಹೆಚ್ಚು ಪುಡಿ ಅಂಟುತ್ತದೆ. ಹೊಸ ಕಬ್ಬಿಣವೇನೂ ಅಲ್ಲಿ ಬಂದು ಬೀಳಲಿಲ್ಲ. ಇದ್ದ ಕಬ್ಬಿಣವೇ ಬೆಂಕಿ ಮತ್ತು ಕುಳ್ಳಿನ ಹೊಗೆಯಲ್ಲಿ ತನ್ನ ಒಳಜೋಡಣೆಯನ್ನು ಬದಲಿಸಿಕೊಂಡಿತು. ಕಬ್ಬಿಣ ಎಷ್ಟಿದೆ ಎಂಬುದು ಒಂದು ಪ್ರಶ್ನೆ, ಅದು ಯಾವ ರೂಪದಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಅಯಸ್ಕಾಂತ ಉತ್ತರ ಕೊಡುವುದು ಎರಡನೆಯದಕ್ಕೆ. ಒಲೆಯ ಮಣ್ಣಿನ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೇಹದ ಕಬ್ಬಿಣ

ಪ್ರಾಣಿಯ ಒಂದು ಕಿಲೋ ದೇಹತೂಕಕ್ಕೆ ಸುಮಾರು 50 ಮಿಲಿಗ್ರಾಂ ಕಬ್ಬಿಣ ಇರುತ್ತದೆ ಎಂದು ಇಟ್ಟುಕೊಂಡರೆ, 400 ಕಿಲೋ ತೂಗುವ ದೇವಣಿ ಆಕಳಿನಲ್ಲಿ ಇರುವುದು 20 ಗ್ರಾಂ. ನಾಲ್ಕಾರು ಸಣ್ಣ ಮೊಳೆಗಳ ತೂಕವಷ್ಟೆ. ಇದರಲ್ಲಿ ಹೆಚ್ಚಿನ ಪಾಲು ನೆತ್ತರಿನ ಹಿಮೋಗ್ಲೋಬಿನ್‌ನಲ್ಲಿ ಇದೆ. ಮಿಕ್ಕಿದ್ದರಲ್ಲಿ ಬಹುಭಾಗ ಯಕೃತ್ತು, ಗುಲ್ಮ ಮತ್ತು ಎಲುಬಿನ ಮಜ್ಜೆಯಲ್ಲಿ ಫೆರಿಟಿನ್ ಎಂಬ ಸಸಾರಜನಕದ ಚಿಪ್ಪಿನೊಳಗೆ ಕೂಡಿಟ್ಟಿರುತ್ತದೆ. ಫೆರಿಟಿನ್ ಎಂದರೆ ದೇಹದ ಹಗೇವು ಎನ್ನಬಹುದು. ಕಾಳು ಹೆಚ್ಚಾದಾಗ ತುಂಬುವುದು, ಬೇಕಾದಾಗ ತೆಗೆಯುವುದು.

ನೆತ್ತರಿಗೂ ಅಯಸ್ಕಾಂತಕ್ಕೂ ಇರುವ ಸಂಬಂಧವನ್ನು ಅಮೆರಿಕದ ಪಾಲಿಂಗ್ ಮತ್ತು ಕೊರಿಯೆಲ್ ಎಂಬ ವಿಜ್ಞಾನಿಗಳು 1936ರಲ್ಲಿ ಅಳೆದು ತೋರಿಸಿದರು. ಪ್ರಾಣವಾಯು ತುಂಬಿದ ನೆತ್ತರನ್ನು ಅಯಸ್ಕಾಂತ ಎಳೆಯುವುದಿಲ್ಲ, ಬಹಳ ಸ್ವಲ್ಪ ದೂರ ತಳ್ಳುತ್ತದೆ. ಪ್ರಾಣವಾಯು ಬಿಟ್ಟುಕೊಟ್ಟ ನೆತ್ತರನ್ನು ಸ್ವಲ್ಪ ಎಳೆಯುತ್ತದೆ. ಎರಡೂ ಎಷ್ಟು ಕ್ಷೀಣವೆಂದರೆ ನಯವಾದ ತಕ್ಕಡಿಯಿಲ್ಲದೆ ತಿಳಿಯದು. ಹಗೇವಿನ ಫೆರಿಟಿನ್ ಕಬ್ಬಿಣವೂ ಹಾಗೆಯೇ. ಮ್ಯಾಗ್ನೆಟೈಟಿನ ಅತಿ ಸಣ್ಣ ಕಣಗಳಲ್ಲಿರುವ ಅಷ್ಟೇ ತೂಕದ ಕಬ್ಬಿಣಕ್ಕೆ ಹೋಲಿಸಿದರೆ ಅದರ ಎಳೆತ ನೂರಾರು ಪಟ್ಟು ಕಡಿಮೆ. ಆದ್ದರಿಂದ ಆ ರೈತರಿಗೆ ನಾನು ಹೇಳಿದ್ದು: ಹೊಟ್ಟೆಯ ಅಯಸ್ಕಾಂತ ತಂತಿಯನ್ನು ಹಿಡಿಯುತ್ತದೆ, ನೆತ್ತರಿನ ಗೊಡವೆಗೆ ಹೋಗುವುದಿಲ್ಲ.

ಬೇಕೆಂದೇ ಸೇರಿಸುವ ಕಣಗಳು

ವೈದ್ಯ ಸಂಶೋಧಕರು ಈ ವ್ಯತ್ಯಾಸವನ್ನೇ ಉಪಯೋಗಕ್ಕೆ ತಂದುಕೊಂಡರು. ದೇಹದ ಸ್ವಂತ ಕಬ್ಬಿಣವನ್ನು ಅಯಸ್ಕಾಂತ ಬಹುಮಟ್ಟಿಗೆ ಕಾಣುವುದಿಲ್ಲ ಎಂದಮೇಲೆ, ಅಯಸ್ಕಾಂತ ಕಾಣುವಂಥ ಕಬ್ಬಿಣವನ್ನು ನಾವೇ ಒಳಗೆ ಬಿಟ್ಟರೆ ಅದು ಎಲ್ಲಿ ಹೋಯಿತೆಂದು ಹುಡುಕಬಹುದಲ್ಲವೇ? ಇದಕ್ಕಾಗಿ ಮ್ಯಾಗ್ನೆಟೈಟ್ ಮತ್ತು ಅದರ ತಮ್ಮನಂತಿರುವ ಮ್ಯಾಗ್ಹೆಮೈಟ್ ಎಂಬ ಖನಿಜವನ್ನು ರಾಸಾಯನಿಕವಾಗಿ ಅತಿ ಸಣ್ಣದಾಗಿ ತಯಾರಿಸುತ್ತಾರೆ. ಮ್ಯಾಗ್ಹೆಮೈಟ್ ಎಂದರೆ ನಿಮ್ಮ ಒಲೆಯ ಸುಟ್ಟ ಮಣ್ಣಿನಲ್ಲಿ ಹುಟ್ಟುವ ಖನಿಜವೇ. ಒಂದೊಂದು ಕಣ 5ರಿಂದ 20 ನ್ಯಾನೋಮೀಟರ್ ಅಡ್ಡಳತೆಯದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಇಂಥ ಕಣಗಳನ್ನು ಸಾವಿರಾರು ಸಾಲಾಗಿ ಇಟ್ಟರೂ ತಲೆಗೂದಲಿನ ದಪ್ಪ ತುಂಬಲಾರದು. ಕಣಗಳು ಒಂದಕ್ಕೊಂದು ಅಂಟದಂತೆ ಡೆಕ್ಸ್ಟ್ರಾನ್ ಎಂಬ ಸಕ್ಕರೆಯ ಜಾತಿಯ ವಸ್ತುವಿನ ಲೇಪ ಕೊಡುತ್ತಾರೆ.

ಇಷ್ಟು ಸಣ್ಣದಾದಾಗ ಇವುಗಳಿಗೆ ಒಂದು ವಿಶೇಷ ಗುಣ ಬರುತ್ತದೆ. ಸೂಜಿಯನ್ನು ಅಯಸ್ಕಾಂತಕ್ಕೆ ಉಜ್ಜಿದರೆ ಸೂಜಿಯೂ ಅಯಸ್ಕಾಂತವಾಗಿ ಉಳಿಯುತ್ತದೆ. ಈ ಕಣಗಳು ಹಾಗಲ್ಲ. ಅಡವಿಯಲ್ಲಿ ಮೇಯುವ ಕುರಿಮಂದೆಯನ್ನು ನೆನೆಯಿರಿ. ಒಂದೊಂದು ಕುರಿಯ ಮುಖ ಒಂದೊಂದು ಕಡೆ. ಕುರುಬ ಕೂಗಿದಾಗ ಎಲ್ಲವೂ ಅವನ ಕಡೆ ತಿರುಗುತ್ತವೆ. ಅವನು ಮರೆಯಾದರೆ ಮತ್ತೆ ಚೆಲ್ಲಾಪಿಲ್ಲಿ. ಕಣಗಳೂ ಹೊರಗಿನ ಅಯಸ್ಕಾಂತ ಇರುವವರೆಗೆ ಒಂದೇ ದಿಕ್ಕಿಗೆ ತಿರುಗಿ ಬಲವಾಗಿ ಸ್ಪಂದಿಸುತ್ತವೆ, ಅದನ್ನು ತೆಗೆದ ಕೂಡಲೇ ಮರೆತುಬಿಡುತ್ತವೆ. ನೆತ್ತರಿನಲ್ಲಿ ಅವು ತಾವಾಗಿಯೇ ಒಂದನ್ನೊಂದು ಜಗ್ಗಿ ಗಂಟುಕಟ್ಟದಿರಲು ಇದು ಸಹಾಯಕ.

ಉಪಯೋಗವೇನು? 1957ರಲ್ಲಿಯೇ ಅಮೆರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ನಾಯಿಗಳ ದುಗ್ಧಗ್ರಂಥಿಗಳಿಗೆ ಇಂಥ ಕಬ್ಬಿಣದ ಪುಡಿ ಸೇರಿಸಿ, ಹೊರಗಿನಿಂದ ವೇಗವಾಗಿ ಅದಲುಬದಲಾಗುವ ಕಾಂತಕ್ಷೇತ್ರ ಹಾಯಿಸಿ ಗ್ರಂಥಿಯನ್ನು ಬಿಸಿ ಮಾಡಬಹುದೆಂದು ತೋರಿಸಿದರು. ಅರ್ಬುದದ ಗಂಟನ್ನು ಒಳಗಿನಿಂದಲೇ ಬೇಯಿಸಿ ಕೊಲ್ಲುವುದು ಅವರ ಗುರಿ. 2005ರಲ್ಲಿ ಜರ್ಮನಿಯ ಗ್ಲೈಖ್ ಮತ್ತು ವೈಟ್ಸೆನೆಕರ್ ಈ ಕಣಗಳಿಂದಲೇ ಚಿತ್ರ ತೆಗೆಯುವ ಹೊಸ ವಿಧಾನ ಪ್ರಕಟಿಸಿದರು. 2009ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ ಇಂಥದೊಂದು ಔಷಧಿಗೆ ಅನುಮತಿ ದೊರೆಯಿತು. ನಿಮಗೆ ಹೆಚ್ಚು ಪರಿಚಿತವಾದದ್ದು ಹಂದಿಮರಿ ಹುಟ್ಟಿದ ಮೂರನೆಯ ದಿನದ ಸುಮಾರಿಗೆ ಕೊಡುವ ಕಬ್ಬಿಣದ ಚುಚ್ಚುಮದ್ದು. ಅದೂ ಡೆಕ್ಸ್ಟ್ರಾನ್ ಲೇಪದ ಸಣ್ಣ ಕಣಗಳೇ. ಆದರೆ ಅದರ ಕಬ್ಬಿಣದ ಜೋಡಣೆ ಬೇರೆ, ಅಯಸ್ಕಾಂತದ ಕಣ್ಣಿಗೆ ಅದು ಬೀಳುವುದು ಬಹಳ ಕಡಿಮೆ.

ಅಳತೆ ತಪ್ಪಿದರೆ ಆಗುವುದೇನು ಎಂಬುದನ್ನು ಬಿಸಿ ಮಾಡುವ ಚಿಕಿತ್ಸೆಯಿಂದ ಸುಲಭವಾಗಿ ತಿಳಿಯಬಹುದು. ಗಂಟಿನಲ್ಲಿ ಕಣಗಳು ಎಣಿಸಿದ್ದಕ್ಕಿಂತ ಕಡಿಮೆ ಇದ್ದರೆ ರೋಗ ಸಾಯುವುದಿಲ್ಲ. ಗಂಟು ಬಿಟ್ಟು ಯಕೃತ್ತಿನಲ್ಲಿ ಹೆಚ್ಚು ಸೇರಿದ್ದರೆ ಒಳ್ಳೆಯ ಅಂಗವೇ ಬೇಯುತ್ತದೆ. ರಕ್ತನಾಳಕ್ಕೆ ಕೊಟ್ಟ ಕಣಗಳನ್ನು ಯಕೃತ್ತು ಮತ್ತು ಗುಲ್ಮದಲ್ಲಿ ಕಾವಲಿರುವ, ಕಸ ನುಂಗುವ ಜೀವಕೋಶಗಳು ಬಹಳ ಬೇಗ ಹಿಡಿದು ನುಂಗುತ್ತವೆ. ಆದ್ದರಿಂದ ಮನುಷ್ಯನಿಗೆ ಕೊಡುವ ಮೊದಲು ಪ್ರಾಣಿಯಲ್ಲಿ ಕೊಟ್ಟು, ಅಂಗ ಅಂಗದಲ್ಲಿ ಎಷ್ಟು ಎಂದು ಲೆಕ್ಕ ಹಾಕಲೇಬೇಕು.

ಅಳೆಯುವ ಬಗೆ

ಹಳೆಯ ವಿಧಾನ ಬಣ್ಣದ್ದು. 1867ರಲ್ಲಿ ಜರ್ಮನಿಯ ಪರ್ಲ್ಸ್ ಎಂಬ ವೈದ್ಯ ಕಂಡುಹಿಡಿದದ್ದು. ಅಂಗಾಂಶದ ತೆಳುವಾದ ಹೋಳಿಗೆ ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಆಮ್ಲ ಹಾಕಿದರೆ ಕಬ್ಬಿಣ ಇರುವಲ್ಲಿ ಕಡು ನೀಲಿ ಬರುತ್ತದೆ. ಯಾವ ಜೀವಕೋಶದಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಅದೇ ಇದರ ಬೆಲೆ. ಎಷ್ಟಿದೆ ಎಂಬುದು ಇದರಿಂದ ಸರಿಯಾಗಿ ತಿಳಿಯದು.

ಎರಡನೆಯದು ನಾವು ಮಣ್ಣು, ಎಲೆಗಳಿಗೆ ಮಾಡುವಂಥದೇ. ಅಂಗಾಂಶವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರವದಲ್ಲಿರುವ ಒಟ್ಟು ಕಬ್ಬಿಣವನ್ನು ಯಂತ್ರದಲ್ಲಿ ಅಳೆಯುವುದು. ಇದು ನಿಖರವಾದ ವಿಧಾನ. ಆದರೆ ಕರಗಿದ ಮೇಲೆ ಎಲ್ಲ ಕಬ್ಬಿಣವೂ ಒಂದೇ. ತೊಗರಿಬೇಳೆ, ಹೆಸರುಬೇಳೆ ಎರಡನ್ನೂ ಬೀಸಿ ಹಿಟ್ಟು ಮಾಡಿದ ಮೇಲೆ ಯಾವುದೆಷ್ಟು ಎಂದು ತೂಕದಿಂದ ಹೇಳಲಾಗದು, ಹಾಗೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ತಿಳಿವಳಿಕೆಗಾಗಿ ಹಾಕಿದ ಲೆಕ್ಕ. ಮೇಕೆಯೊಂದರ ಯಕೃತ್ತು 500 ಗ್ರಾಂ ಇದೆ, ಅದರಲ್ಲಿ ಕಿಲೋಗೆ 80 ಮಿಲಿಗ್ರಾಂನಂತೆ ಸ್ವಂತ ಕಬ್ಬಿಣ 40 ಮಿಲಿಗ್ರಾಂ ಇದೆ ಎನ್ನಿ. ಕೊಟ್ಟ ಕಣಗಳಿಂದ 4 ಮಿಲಿಗ್ರಾಂ ಅಲ್ಲಿಗೆ ಬಂದು ಸೇರಿತು. ಆಮ್ಲದ ವಿಧಾನ 44 ಎಂದು ತೋರಿಸುತ್ತದೆ. ಆದರೆ ಕಣ ಕೊಡದ ಇನ್ನೊಂದು ಮೇಕೆಯ ಯಕೃತ್ತಿನಲ್ಲಿ ಸ್ವಂತದ್ದೇ 36 ಇರಬಹುದು, ಮತ್ತೊಂದರಲ್ಲಿ 48 ಇರಬಹುದು. ವಯಸ್ಸು, ಮೇವು, ಹೊಟ್ಟೆಯ ಜಂತು, ಇವೆಲ್ಲ ಅದನ್ನು ಏರಿಳಿಸುತ್ತವೆ. ಆ ಏರಿಳಿತದಲ್ಲಿ ನಮ್ಮ 4 ಮಿಲಿಗ್ರಾಂ ಮುಳುಗಿಹೋಯಿತು. ಅದನ್ನು ಎತ್ತಿ ತೋರಿಸಬೇಕಾದರೆ ಬಹಳ ಮೇಕೆಗಳನ್ನು ಕೊಲ್ಲಬೇಕಾಗುತ್ತದೆ.

ಮೂರನೆಯ ವಿಧಾನ ಅಯಸ್ಕಾಂತದ್ದು. ಸೈಕಲ್ಲಿನ ಡೈನಮೋ ತಮಗೆ ಗೊತ್ತು. ಅಯಸ್ಕಾಂತ ತಿರುಗಿದಾಗ ಪಕ್ಕದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ದೀಪ ಹತ್ತುತ್ತದೆ. 1950ರ ದಶಕದಲ್ಲಿ ಅಮೆರಿಕದ ಸೈಮನ್ ಫೋನರ್ ಇದೇ ತತ್ವದ ಮೇಲೆ ಒಂದು ಯಂತ್ರ ರಚಿಸಿದರು. ಒಣಗಿಸಿದ ಅಂಗಾಂಶದ ಚೂರನ್ನು ಒಂದು ಕಡ್ಡಿಯ ತುದಿಗೆ ಕಟ್ಟಿ, ದೊಡ್ಡ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಮೇಲೆ ಕೆಳಗೆ ನಡುಗಿಸುತ್ತಾರೆ. ಚೂರಿನಲ್ಲಿ ಕಣಗಳಿದ್ದರೆ ಅವು ದೊಡ್ಡ ಅಯಸ್ಕಾಂತದ ಕಡೆ ಮುಖ ಮಾಡಿ ತಾವೂ ಪುಟ್ಟ ಅಯಸ್ಕಾಂತಗಳಾಗುತ್ತವೆ, ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿಸುತ್ತವೆ. ದೊಡ್ಡ ಅಯಸ್ಕಾಂತದ ಬಲ ಏರಿಸುತ್ತ ಹೋದಂತೆ ವಿದ್ಯುತ್ತೂ ಏರಿ, ಎಲ್ಲ ಕಣಗಳೂ ಒಂದೇ ಕಡೆ ತಿರುಗಿದ ಮೇಲೆ ನಿಂತುಬಿಡುತ್ತದೆ. ಮಂದೆಯ ಕೊನೆಯ ಕುರಿಯೂ ತಿರುಗಿ ನೋಡಿತು ಎಂದ ಹಾಗೆ. ಆ ನಿಂತ ಮಟ್ಟವೇ ಕಣಗಳ ಮೊತ್ತಕ್ಕೆ ಅಳತೆ. ದೇಹದ ಸ್ವಂತ ಕಬ್ಬಿಣವೂ ಅಂಗಾಂಶದ ಇತರ ಪದಾರ್ಥವೂ ಇಷ್ಟರಲ್ಲಿ ನಿಲ್ಲದೆ ಓರೆಗೆರೆಯಂತೆ ಸಾಗುತ್ತವೆ, ಆ ಓರೆಯನ್ನು ಕಳೆದರಾಯಿತು. ಮೇಲಿನ ಮೇಕೆಯ ಲೆಕ್ಕದಲ್ಲಿ ಈ ಯಂತ್ರ 44 ಅನ್ನು ಕಾಣುವುದಿಲ್ಲ, 4 ಅನ್ನು ಕಾಣುತ್ತದೆ.

ಇಲ್ಲಿ ಒಲೆಯ ಮಣ್ಣು ನೆನಪಿಗೆ ಬರಲಿ. ಮಾದರಿಯನ್ನು ಒಣಗಿಸಬೇಕು, ಆದರೆ ಸುಡಬಾರದು. ಎಲೆ, ಮೇವುಗಳ ವಿಶ್ಲೇಷಣೆಯಲ್ಲಿ ನಾವು ಮಾದರಿಯನ್ನು ಕುಲುಮೆಯಲ್ಲಿ ಸುಟ್ಟು ಬೂದಿ ಮಾಡುವುದುಂಟು. ಅಂಗಾಂಶವನ್ನು ಹಾಗೆ ಸುಟ್ಟರೆ ನೆತ್ತರಿನ ನಿರಪಾಯದ ಕಬ್ಬಿಣವೇ ಅಯಸ್ಕಾಂತಕ್ಕೆ ಅಂಟುವ ರೂಪಕ್ಕೆ ತಿರುಗಿ, ಇಲ್ಲದ ಕಣಗಳನ್ನು ಇವೆ ಎಂದು ತೋರಿಸೀತು. ಆದ್ದರಿಂದ ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಪಾತ್ರೆಯಲ್ಲಿ ತಣ್ಣಗೇ ಒಣಗಿಸುತ್ತಾರೆ.

ಲೆಕ್ಕ ತಪ್ಪುವುದು ಎಲ್ಲಿ?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಸ್ನಾತಕೋತ್ತರ ಓದಿನ ದಿನಗಳಲ್ಲಿ ಸುಣ್ಣದ ಅಂಶ ಹೆಚ್ಚಿದ್ದ ಎರೆ ಹೊಲದಿಂದ ಹಳದಿ ತಿರುಗಿದ ಶೇಂಗಾ ಎಲೆಗಳನ್ನು ತಂದು ಕಬ್ಬಿಣ ಅಳೆದೆ. ಕಬ್ಬಿಣದ ಕೊರತೆ ಕಣ್ಣಿಗೇ ಹೊಡೆಯುತ್ತಿತ್ತು. ಅಂಕಿ ನೋಡಿದರೆ ಹಸಿರು ಎಲೆಗಿಂತ ಹಳದಿ ಎಲೆಯಲ್ಲೇ ಕಬ್ಬಿಣ ಹೆಚ್ಚು! ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಹಳದಿ ಎಲೆಗಳನ್ನು ನಾನು ಸರಿಯಾಗಿ ತೊಳೆದಿರಲಿಲ್ಲ, ಹೊಲದ ಧೂಳು ಹಾಗೆಯೇ ಇತ್ತು. ಸಾಲದೆಂಬಂತೆ ಅವನ್ನು ಪುಡಿ ಮಾಡಿದ್ದು ಉಕ್ಕಿನ ಅಲಗಿನ ಯಂತ್ರದಲ್ಲಿ. ನಾನು ಅಳೆದದ್ದು ಧೂಳನ್ನು ಮತ್ತು ಯಂತ್ರದ ಸವೆತವನ್ನು. ಧೂಳಿಲ್ಲದೆ ಅಳೆದರೂ ಹಳದಿ ಎಲೆಯಲ್ಲಿ ಒಟ್ಟು ಕಬ್ಬಿಣ ಕಡಿಮೆಯಿಲ್ಲದಿರಬಹುದು, ಗಿಡಕ್ಕೆ ಒದಗುವ ರೂಪದ ಕಬ್ಬಿಣ ಮಾತ್ರ ಕಡಿಮೆ ಎಂಬುದನ್ನು ಆಮೇಲೆ ಕಲಿತೆ. ಮಣ್ಣಿನಲ್ಲಿ ಇಷ್ಟೊಂದು ಕಬ್ಬಿಣವಿದ್ದೂ ಎಲೆಗೆ ಅನ್ನಭೇದಿ ಸಿಂಪಡಿಸಬೇಕಾಗುವುದು ಇದರಿಂದಲೇ.

ಅಂಗಾಂಶದ ಅಳತೆಯಲ್ಲಿ ಈ ಭಯ ಇನ್ನೂ ಹೆಚ್ಚು. ಹುಡುಕುತ್ತಿರುವುದು ಗ್ರಾಮಿನ ಲಕ್ಷದ ಪಾಲುಗಳನ್ನು. ಉಕ್ಕಿನ ಚಾಕುವಿನಿಂದ ಉದುರಿದ ಒಂದು ಚೂರು, ಕಿಟಕಿಯಿಂದ ಬಂದ ಎರೆಮಣ್ಣಿನ ಒಂದು ಕಾಳು ಸಾಕು, ಅಂಕಿ ಕೆಡುತ್ತದೆ. ಆದ್ದರಿಂದ ಕೊಯ್ಯಲು ಗಾಜು ಅಥವಾ ಪಿಂಗಾಣಿಯ ಅಲಗು, ಹಿಡಿಯಲು ಪ್ಲಾಸ್ಟಿಕ್ ಚಿಮಟಿಗೆ, ಪಾತ್ರೆಗಳೆಲ್ಲ ಆಮ್ಲದಲ್ಲಿ ತೊಳೆದವು. ಖಾಲಿ ಪಾತ್ರೆಯನ್ನೇ ಮೊದಲು ಯಂತ್ರದಲ್ಲಿಟ್ಟು ನೋಡುತ್ತಾರೆ. ಮೋಸ ಹಿಡಿಯಲು ಒಂದು ಸೊಗಸಾದ ಉಪಾಯವೂ ಇದೆ. ದೊಡ್ಡ ಅಯಸ್ಕಾಂತವನ್ನು ಆರಿಸಿದ ಮೇಲೆ ಔಷಧಿಯ ಸಣ್ಣ ಕಣಗಳು ತಮ್ಮ ಅಯಸ್ಕಾಂತ ಗುಣವನ್ನು ಮರೆಯುತ್ತವೆ ಎಂದೆನಲ್ಲ, ಉಕ್ಕಿನ ಚೂರು ಸೂಜಿಯಂತೆ ಮರೆಯುವುದಿಲ್ಲ. ಆರಿಸಿದ ಮೇಲೂ ಯಂತ್ರದಲ್ಲಿ ಸದ್ದು ಉಳಿದರೆ ಮಾದರಿಯಲ್ಲಿ ಹೊರಗಿನ ಕಸ ಸೇರಿದೆಯೇ ಎಂದು ಸಂಶಯಪಡಬೇಕು.

ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದುಂಟು. ಪಾರಿವಾಳ ಎಷ್ಟು ದೂರ ಬಿಟ್ಟರೂ ಮನೆಗೆ ಮರಳುವುದು ತಮಗೆ ಗೊತ್ತು. ಅದರ ಮೇಲ್ಗೊಕ್ಕಿನಲ್ಲಿ ಕಬ್ಬಿಣದ ಕಣಗಳುಳ್ಳ ನರದ ತುದಿಗಳಿವೆ, ಅವೇ ಅದರ ದಿಕ್ಸೂಚಿ ಎಂದು ಜರ್ಮನಿಯ ವಿಜ್ಞಾನಿಗಳು ವರದಿ ಮಾಡಿದ್ದರು. ಪಠ್ಯಪುಸ್ತಕಗಳಿಗೂ ಅದು ಹೋಗಿತ್ತು. 2012ರಲ್ಲಿ ವಿಯೆನ್ನಾದ ಡೇವಿಡ್ ಕೀಸ್ ಅವರ ತಂಡ ಅನೇಕ ಪಾರಿವಾಳಗಳ ಕೊಕ್ಕುಗಳನ್ನು ತೆಳುವಾಗಿ ಕೊಯ್ದು, ಪರ್ಲ್ಸ್ ನೀಲಿ ಹಾಕಿ ಎಣಿಸಿತು. ಒಂದು ಹಕ್ಕಿಯಲ್ಲಿ ನೀಲಿ ಕೋಶಗಳು ಕೆಲವು ನೂರು, ಇನ್ನೊಂದರಲ್ಲಿ ಲಕ್ಷದ ಲೆಕ್ಕದಲ್ಲಿ. ದಿಕ್ಸೂಚಿಯಾಗಿದ್ದರೆ ಹಕ್ಕಿಯಿಂದ ಹಕ್ಕಿಗೆ ಇಷ್ಟು ಅಂತರ ಇರಬಾರದು. ನೋಡಿದರೆ ಅವು ನರದ ಕೋಶಗಳೇ ಅಲ್ಲ, ಹಳೆಯ ರಕ್ತಕಣಗಳ ಕಬ್ಬಿಣವನ್ನು ನುಂಗಿ ಶೇಖರಿಸುವ ಅದೇ ಕಸಗುಡಿಸುವ ಕೋಶಗಳು. ಪಾರಿವಾಳ ದಿಕ್ಕು ಹಿಡಿಯುವುದು ಸುಳ್ಳಾಗಲಿಲ್ಲ. ಕೊಕ್ಕಿನ ನೀಲಿ ಬಣ್ಣವನ್ನು ಅದರ ದಿಕ್ಸೂಚಿ ಎಂದು ಓದಿದ್ದು ತಪ್ಪಾಯಿತು.

ಎರಡೂ ಅಳತೆ ಏಕೆ ಬೇಕು?

ಇಷ್ಟು ಓದಿದ ಮೇಲೆ ಅಯಸ್ಕಾಂತದ ಅಳತೆಯೊಂದೇ ಸಾಕು, ಆಮ್ಲದ್ದು ಬೇಡ ಎಂದು ತಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಕಾಲ ಕಳೆದಂತೆ ಏನಾಗುತ್ತದೆ ನೋಡಿ. ಯಕೃತ್ತಿನ ಕೋಶದೊಳಗೆ ಸೇರಿದ ಕಣ ಅಲ್ಲಿನ ಹುಳಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತದೆ. ಕರಗಿದ ಕಬ್ಬಿಣ ದೇಹದ ಹಗೇವಾದ ಫೆರಿಟಿನ್‌ಗೆ ಸೇರುತ್ತದೆ. ಕರಗುತ್ತಿದ್ದಂತೆ ಅಯಸ್ಕಾಂತದ ಅಂಕಿ ಇಳಿಯುತ್ತದೆ. ಅದನ್ನು ಮಾತ್ರ ನೋಡಿದವನು "ಔಷಧಿ ದೇಹ ಬಿಟ್ಟು ಹೋಯಿತು" ಎಂದಾನು. ಕಬ್ಬಿಣ ಎಲ್ಲಿಗೂ ಹೋಗಿಲ್ಲ. ರೂಪ ಬದಲಿಸಿ ಅಲ್ಲಿಯೇ ಇದೆ, ಆಮ್ಲದ ಅಳತೆ ಅದನ್ನು ತೋರಿಸುತ್ತದೆ.

ಇದು ಸಣ್ಣ ವಿಷಯವಲ್ಲ. ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಕಳೆಯುವಂತೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಹೋಗಿದೆ ಎಂದುಕೊಂಡು ಮತ್ತೆ ಮತ್ತೆ ಕೊಟ್ಟರೆ ಯಕೃತ್ತು ತುಂಬಿ ಕೆಡುತ್ತದೆ. ಅಯಸ್ಕಾಂತದ ಅಂಕಿ ಇಳಿದು ಒಟ್ಟು ಕಬ್ಬಿಣ ನಿಂತಿದ್ದರೆ ಕಣ ಕರಗಿದೆ ಎಂದು ಅರ್ಥ. ಎರಡೂ ಇಳಿದಿದ್ದರೆ ಕಬ್ಬಿಣ ಆ ಅಂಗ ಬಿಟ್ಟು ಬೇರೆಡೆಗೆ, ಬಹುಶಃ ಹೊಸ ನೆತ್ತರಿಗೆ, ಹೋಗಿದೆ. ಎರಡೂ ಇಳಿಯದಿದ್ದರೆ ಕಣ ಹಾಗೆಯೇ ಕುಳಿತಿದೆ.

ಇದಕ್ಕೆಲ್ಲ ಕಣ ಕೊಡದೆ ಅದೇ ಕೊಟ್ಟಿಗೆಯಲ್ಲಿ, ಅದೇ ಮೇವಿನಲ್ಲಿ ಸಾಕಿದ ಜೊತೆ ಪ್ರಾಣಿಗಳು ಬೇಕು. ಗೊಬ್ಬರದ ಪ್ರಯೋಗ ಹಾಕಿದಾಗ ಏನೂ ಹಾಕದ ಒಂದು ತಾಕು ಬಿಡುತ್ತೇವಲ್ಲ, ಅದೇ ನ್ಯಾಯ. ಹೊಲದ ತಾಕಿಗೆ ನೋವಿಲ್ಲ, ಪ್ರಾಣಿಗೆ ಇದೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ನೀತಿ ಸಮಿತಿಯ ಅನುಮತಿ ಬೇಕು, ಎಷ್ಟು ಪ್ರಾಣಿ ಏಕೆ ಬೇಕೆಂದು ಮೊದಲೇ ಸಮರ್ಥಿಸಬೇಕು. ಅಳತೆ ಶುದ್ಧವಾದಷ್ಟೂ ಕಡಿಮೆ ಪ್ರಾಣಿಗಳಲ್ಲಿ ಉತ್ತರ ಸಿಗುತ್ತದೆ. ಚಾಕು ಉಕ್ಕಿನದೋ ಪಿಂಗಾಣಿಯದೋ ಎಂಬ ಚಿಕ್ಕ ವಿಚಾರದ ಮೇಲೆ ಕೆಲವು ಮೇಕೆಗಳ ಜೀವ ನಿಂತಿರುತ್ತದೆ ಎಂದರೆ ಅತಿಶಯವಲ್ಲ.

ಈ ಶ್ರಮದ ಫಲ ಆಸ್ಪತ್ರೆಗೆ ಬಂದ ಒಂದು ಉದಾಹರಣೆ ಸ್ತನದ ಅರ್ಬುದ. ರೋಗ ಹರಡಿದೆಯೇ ಎಂದು ತಿಳಿಯಲು ಅದರ ದಾರಿಯಲ್ಲಿ ಮೊದಲು ಸಿಗುವ ದುಗ್ಧಗ್ರಂಥಿಯನ್ನು ತೆಗೆದು ನೋಡಬೇಕು. ಅದನ್ನು ಹುಡುಕಲು ವಿಕಿರಣ ಸೂಸುವ ಟೆಕ್ನೀಷಿಯಂ ಬಳಸುವುದು ರೂಢಿ. ಅದು 6 ಗಂಟೆಗೆ ಅರ್ಧ, 12 ಗಂಟೆಗೆ ಕಾಲು ಭಾಗ ಆಗುತ್ತ ಹೋಗುವುದರಿಂದ ಅದಕ್ಕೆಂದೇ ವಿಭಾಗವಿರುವ ದೊಡ್ಡ ಆಸ್ಪತ್ರೆಯೇ ಬೇಕು. ಬೀದರಿನಂಥ ಊರಿನಿಂದ ಹೈದರಾಬಾದಿನ ದಾರಿ ಹಿಡಿಯಬೇಕಾಗುವುದು ಇಂಥವುಗಳಿಗಾಗಿಯೇ. ಅಯಸ್ಕಾಂತ ಕಣಗಳಾದರೆ ಸೀಸೆಯಲ್ಲಿ ಇಟ್ಟುಕೊಳ್ಳಬಹುದು. ಅವನ್ನು ಚುಚ್ಚಿ, ಅವು ಗ್ರಂಥಿಯಲ್ಲಿ ಸೇರಿದ ಮೇಲೆ ಕೈಯಲ್ಲಿ ಹಿಡಿಯುವ ಶೋಧಕದಿಂದ ಪತ್ತೆ ಮಾಡುತ್ತಾರೆ. ಹಂದಿಗಳಲ್ಲಿ ಪ್ರಯೋಗಿಸಿ, ತೆಗೆದ ಗ್ರಂಥಿಗಳ ಕಬ್ಬಿಣವನ್ನೂ ಅಳೆದು ನೋಡಿದ ಈ ವಿಧಾನಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಅಲ್ಲಿಯೂ ಶೋಧಕ ಹಿಡಿದಾಗ ಉಕ್ಕಿನ ಉಪಕರಣಗಳನ್ನು ಪಕ್ಕಕ್ಕಿಟ್ಟು ಪ್ಲಾಸ್ಟಿಕ್ ಉಪಕರಣ ಬಳಸಬೇಕು.

ಇನ್ನು ಆಕಳಿನ ಹೊಟ್ಟೆಯ ಅಯಸ್ಕಾಂತ

ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ. ತಂತಿಯ ಚೂರು ಹೋಗಿ ಬೀಳುವುದು ಜೇನುಗೂಡಿನ ಕಣ್ಣುಗಳಂತಿರುವ ಎರಡನೆಯ ಹೊಟ್ಟೆಗೆ. ಅದು ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚಿ, ವಪೆ ದಾಟಿ ಹೃದಯದ ಚೀಲವನ್ನೂ ಮುಟ್ಟಬಹುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಗರ್ಭದ ಒತ್ತಡದಿಂದ ಇದು ಹೆಚ್ಚು. ಹಾಲು ಒಮ್ಮೆಲೇ ಇಳಿಯುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಮೊಣಕೈ ಹೊರಕ್ಕೆ ಚಾಚುವುದು, ಇಳಿಜಾರಿನಲ್ಲಿ ನಡೆಯಲು ಒಪ್ಪದೆ ನರಳುವುದು ಇದರ ಲಕ್ಷಣಗಳು. ಗಂಗೆದೊಗಲಿನಲ್ಲಿ ನೀರು ತುಂಬಿ ಬಾವು ಬಂದಿದ್ದರೆ ಬಹಳ ತಡವಾಗಿದೆ ಎಂದು ತಿಳಿಯಬೇಕು.

ಲೋಹಶೋಧಕ ಹಿಡಿದರೆ ಹೊಟ್ಟೆಯಲ್ಲಿ ಲೋಹ ಇದೆ ಎಂದು ತಿಳಿಯುತ್ತದೆ. ಸುಮ್ಮನೆ ಬಿದ್ದಿದೆಯೋ ಚುಚ್ಚಿದೆಯೋ ಎಂಬುದು ತಿಳಿಯುವುದಿಲ್ಲ. ಅದನ್ನು ಲಕ್ಷಣ ನೋಡಿ ವೈದ್ಯರೇ ಹೇಳಬೇಕು. ಚುಚ್ಚಿ ಆಳಕ್ಕಿಳಿದ ತಂತಿಯನ್ನು ಅಯಸ್ಕಾಂತ ಹಿಂದಕ್ಕೆ ಎಳೆದು ತರುವ ಭರವಸೆ ಇಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕಾದೀತು. ಚುಚ್ಚುವ ಮೊದಲೇ ಇಟ್ಟರೆ ಅಯಸ್ಕಾಂತದ ಉಪಯೋಗ ಹೆಚ್ಚು. ಕಡಸಿಗೆ ವರ್ಷ ತುಂಬಿದ ಮೇಲೆ ಪಶುವೈದ್ಯರ ಕೈಯಿಂದಲೇ ಹಾಕಿಸಿ. ನೀವಾಗಿ ಗಂಟಲಿಗೆ ತಳ್ಳಲು ಹೋಗಬೇಡಿ. ತಾಮ್ರ, ಅಲ್ಯೂಮಿನಿಯಂ ತಂತಿ ಮತ್ತು ಪ್ಲಾಸ್ಟಿಕ್ ಚೀಲಗಳನ್ನು ಇದು ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಮನೆ ಕಟ್ಟುವಾಗ ಉಳಿದ ಕಟ್ಟುತಂತಿಯ ತುಂಡು, ಟೈರು ಸುಟ್ಟಲ್ಲಿ ಉಳಿಯುವ ಉಕ್ಕಿನ ಎಳೆ ಇವೆರಡನ್ನೂ ಮೇವಿನ ಬಣವೆಯ ಹತ್ತಿರ ಬಿಡಬೇಡಿ. ಮೇವು ಕತ್ತರಿಸುವ ಯಂತ್ರಕ್ಕೆ ಉದ್ದ ತಂತಿ ಸಿಕ್ಕರೆ ಅದು ಹತ್ತು ಚೂಪಾದ ಚೂರುಗಳಾಗಿ ಹೊರಬರುತ್ತದೆ. ಯಂತ್ರದ ಬಾಯಿಯ ಕೆಳಗೆ ಒಂದು ಬಲವಾದ ಅಯಸ್ಕಾಂತ ಕಟ್ಟಿ, ವಾರಕ್ಕೊಮ್ಮೆ ಒರೆಸಿ ನೋಡಿ. ಅದಕ್ಕೆ ಏನು ಅಂಟಿದೆ ಎಂಬುದನ್ನು ನೋಡಿದರೆ ನಿಮ್ಮ ಮೇವು ಎಷ್ಟು ಶುದ್ಧ ಎಂದು ತಿಳಿಯುತ್ತದೆ.

ಒಂದು ದನಕ್ಕೆ ಒಂದೇ ಅಯಸ್ಕಾಂತ ಸಾಕು, ಅದು ಜೀವಮಾನವಿಡೀ ಅಲ್ಲೇ ಉಳಿಯುತ್ತದೆ. ಸಂತೆಯಲ್ಲಿ ಕೊಂಡ ಆಕಳಿಗೆ ಮೊದಲೇ ಹಾಕಿದ್ದಾರೋ ಇಲ್ಲವೋ ತಿಳಿಯದಿದ್ದರೆ ಶಾಲೆಯ ಮಕ್ಕಳ ಹತ್ತಿರ ಇರುವಂಥ ದಿಕ್ಸೂಚಿಯನ್ನು ತನ್ನಿ. ಆಕಳ ಎಡಗಡೆ, ಮೊಣಕೈಯ ಹಿಂದೆ, ಎದೆಯ ಕೆಳಭಾಗಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಸರಿಸಿ. ಕಬ್ಬಿಣದ ಗೂಟ, ಸರಪಳಿ ಹತ್ತಿರ ಇರಬಾರದು. ಮುಳ್ಳು ಉತ್ತರ ಬಿಟ್ಟು ಆಕಳ ಕಡೆ ತಿರುಗಿದರೆ ಒಳಗೆ ಅಯಸ್ಕಾಂತವಿದೆ, ಇನ್ನೊಂದು ಬೇಡ.